ಒಂಟಿ ಸೀನು

ಹುಸೇನಬೀ ಅವತ್ತು ಬೆಳಗ್ಗೆ ಮೆಣಸಿನಕಾಯಿ ಹುರಿಯದೆ ಇದ್ದಿದ್ದರೆ ಅಂಬಾರಾಯ ಮಾಸ್ತರರ ಮೂಗಿನ ಮೇಲೆ ಯಾರ ಕಣ್ಣೂ ಬೀಳುತ್ತಿರಲಿಲ್ಲ. ಮನೆ ಮಾಲಕಿಯಾದ ಆಕೆ ಅಂಗಳದಲ್ಲಿ ಒಲೆ ಹೂಡಿದಳು, ಬಾಡಿಗೆ ಕೋಣೆಯೊಳಗೆ ಮಾಸ್ತರರು ಸೀನಿದರು. ಒಂದೇ ಸೀನು. ಅವರ ಸೀನಿನ ಸ್ವಭಾವವೇ ಹಾಗೆ, ಎಂದೂ ಜೋಡಿಯಾಗಿ ಬಂದದ್ದಿಲ್ಲ. ಒಂದು ಬಂದು ಹೋಗಿ, ಅದನ್ನು ಮರೆತ ಮೇಲೆ ಇನ್ನೊಂದು ಬರುತ್ತಿತ್ತು.

ಬೇರೆ ದಿನವಾಗಿದ್ದರೆ ಮೂಗು ಒರೆಸಿಕೊಂಡು ಶಾಲೆಗೆ ಹೋಗುತ್ತಿದ್ದರು. ಆದರೆ ಅವತ್ತು ಶಾಲೆಯ ತಪಾಸಣೆಗೆ ಹಣಮಂತರಾಯ ಸಾಹೇಬರು ಬರುವವರಿದ್ದರು. ಮಾಸ್ತರರ ವರ್ಗಾವಣೆ ಅರ್ಜಿಗೆ ಅವರ ಸಹಿ ಬೀಳಬೇಕಿತ್ತು, ಅರ್ಜಿ ಕಳಿಸಲು ಅದೇ ಕೊನೆಯ ದಿನ. ಸಹಿ ಬಿದ್ದರೆ ಆಳಂದ ತಾಲೂಕಿನ ಮಟಕಿ, ಅಂದರೆ ಹೆಂಡತಿ ಕಸ್ತೂರಿಬಾಯಿ ಮತ್ತು ಈಗಷ್ಟೇ ಮಾತು ಕಲಿತ ಮಗಳು. ಬೀಳದಿದ್ದರೆ ಇನ್ನೊಂದು ವರ್ಷ ಜೇವರ್ಗಿ ಮತ್ತು ಹುಸೇನಬೀಯ ಮೆಣಸಿನಕಾಯಿ. ಯಾವಾಗಲೋ ಒಮ್ಮೆ ಬಸ್ಸಿಳಿದು ಬರುವ ಈ ಮನುಷ್ಯನನ್ನು ಮಗಳು ತಾಯಿಯ ಸೀರೆ ಮರೆಯಿಂದ ನೋಡಿ "ಮಾಮಾ" ಎನ್ನುತ್ತಿದ್ದಳು. ಹೋದ ಸಲ ಮನೆಮಂದಿಯ ಜೊತೆ ತಾವೂ ನಕ್ಕಿದ್ದ ಮಾಸ್ತರರು ವಾಪಸು ಬರುವಾಗ ಬಸ್ಸಿನ ಕಿಟಕಿಗೆ ಮುಖ ಮಾಡಿ ಅತ್ತಿದ್ದರು.

ಸಾಹೇಬರು ಒಳ್ಳೆಯವರೇ. ಆದರೆ ಶಕುನವೆಂದರೆ ಜೀವ. ಒಂಟಿ ಸೀನಿಗೆ ನಿಲ್ಲಬೇಕು, ಜೋಡಿ ಸೀನಿಗೆ ನಡೆಯಬೇಕು ಎಂಬುದು ಆ ಸೀಮೆಯಲ್ಲಿ ಎಲ್ಲರ ಬಾಯಲ್ಲೂ ಇದ್ದ ಮಾತು. ಸಾಹೇಬರು ಅದನ್ನು ಸರ್ಕಾರಿ ಕಾಗದಕ್ಕೂ ಅನ್ವಯಿಸಿದ್ದರು. ಸಹಿ ಮಾಡುವಾಗ ಯಾರಾದರೂ ಸೀನಿದರೆ ಪೆನ್ನಿಗೆ ಟೋಪಿ ಹಾಕಿ ಎದ್ದೇಬಿಡುತ್ತಿದ್ದರು.

"ಯಾ ಅಲ್ಲಾ, ಮಾಸ್ತರ ಸಾಬ್, ಇವತ್ತೇ ನೆಗಡಿ ಆಗಬೇಕಾ?" ಎಂದು ಹುಸೇನಬೀ ಓಡಿ ಬಂದಳು.

"ನೆಗಡಿ ಅಲ್ಲ ಬೇ, ನಿನ್ನ ಖಾರದ ಘಾಟು. ಒಳಗ ಹೋಗಬಾರದ್ದು ಹೋದ್ರ ಮೂಗು ಹೊರಗ ಹಾಕ್ತದ. ಅದು ಅದರ ಕೆಲಸ."

"ಅದರ ಕೆಲಸ ಅದು ಮಾಡಿದ್ರ ನಿಮ್ಮ ಕೆಲಸ ಕೆಡ್ತದಲ್ರಿ!"

ವಿಜ್ಞಾನ ಕಲಿಸುವ ಮಾಸ್ತರರು ಬಾಯಿ ತೆರೆಯುವಷ್ಟರಲ್ಲಿ ಆಕೆ ಅಜವಾನ, ಅಂದರೆ ಓಮದ ಪುಡಿ ಕಟ್ಟಿದ ಬಟ್ಟೆಯನ್ನು ಮೂಗಿಗೆ ಒತ್ತಿದಳು. ಮಾಸ್ತರರು ಮತ್ತೊಮ್ಮೆ ಸೀನಿದರು. ಮೊದಲಿನದಕ್ಕಿಂತ ಜೋರಾಗಿ.

ಆ ಸಪ್ಪಳ ಓಣಿಯಲ್ಲಿ ಸೈಕಲ್ ಮೇಲೆ ಹೊರಟಿದ್ದ ಡ್ರಿಲ್ ಮಾಸ್ತರ ದೊಡ್ಡಪ್ಪನಿಗೆ ಕೇಳಿಸಿತು. ಆತ ಒಳಗೆ ಬಂದು, ಮಾಸ್ತರರ ಗದ್ದ ಹಿಡಿದೆತ್ತಿ, ಭಾವಿ ಇಣುಕುವವನಂತೆ ಮೂಗಿನೊಳಗೆ ಇಣುಕಿದ.

"ಜಾಲಿ ಕಂಟಿ ಬೆಳದಂಗ ಬೆಳದಾವಲ್ರೀ ಕೂದಲು! ಇವೇ ಕಚಗುಳಿ ಇಡಾಕತ್ತಾವ. ನಡೀರಿ ಕ್ಷೌರದ ಅಂಗಡಿಗಿ."

"ಅವು ಧೂಳು ತಡೀತಾವೋ ಮಾರಾಯಾ."

"ಧೂಳು ಆಮ್ಯಾಲ ತಡೀರಿ. ಮೊದಲ ಸೀನು ತಡೀರಿ."

ಹೋದರು. ಕನ್ನಡಿಯ ಮುಂದೆ ಕತ್ತರಿ ಎರಡೂ ಹೊಳ್ಳೆಗಳನ್ನು ಬೋಳು ಮಾಡಿತು. ಹದಿನಾರು ವರ್ಷದಿಂದ ಮಕ್ಕಳಿಗೆ ಶಕುನ ನಂಬಬೇಡಿ ಎಂದು ಹೇಳುತ್ತಾ ಬಂದವನು ನಾನು, ಇವತ್ತು ಶಕುನಕ್ಕೆ ಹೆದರಿ ಮೂಗು ಬೋಳಿಸಿಕೊಂಡೆ ಎಂದು ಮಾಸ್ತರರು ತಮಗೆ ತಾವೇ ಛೀಮಾರಿ ಹಾಕಿಕೊಂಡರು. ಆದರೂ ಕತ್ತರಿ ನಿಲ್ಲಿಸಲು ಹೇಳಲಿಲ್ಲ.

ಶಾಲೆಯ ಬಾಗಿಲಲ್ಲಿ ಹೆಡ್ ಮಾಸ್ತರ ಜಗದೇವಪ್ಪನವರು ಕಾಯುತ್ತಿದ್ದರು. ಸೀನಿನ ಸುದ್ದಿ ಮಾಸ್ತರರಿಗಿಂತ ಮೊದಲೇ ಅಲ್ಲಿಗೆ ತಲುಪಿತ್ತು.

"ಮೂಗು ಇನ್ನೂ ಹಸಿ ಅದ ಏನು?" ಎಂದರು ಗಾಬರಿಯಿಂದ.

"ಮೂಗು ಹಸೀನೇ ಇರಬೇಕ್ರಿ ಸರ್. ಒಳಗಿನ ಅಂಟಿಗೇ ರೋಗದ ಕ್ರಿಮಿ ಸಿಕ್ಕಿ ಬೀಳ್ತಾವ."

"ಪಾಠ ಸಾಹೇಬ್ರ ಮುಂದ ಮಾಡ್ರಿ. ಈಗ ಇದನ್ನ ನುಂಗ್ರಿ." ಮೂಗು ಒಣಗಿಸುವ ಗುಳಿಗೆ ಅಂಗೈಗೆ ಬಿತ್ತು. ಒಂದು ಸಾಲದೇನೋ ಎಂದು ದೊಡ್ಡಪ್ಪ ಇನ್ನೊಂದು ಕೊಡಿಸಿದ. ಕೆಮ್ಮು ಬಂದರೂ ಕಷ್ಟವೆಂದು ಮೇಲಿಂದ ಕೆಮ್ಮಿನ ಔಷಧವೂ ಗಂಟಲಿಗಿಳಿಯಿತು. ಪ್ರಾರ್ಥನೆ ಮುಗಿಯುವ ಹೊತ್ತಿಗೆ ಮಾಸ್ತರರ ಮೂಗು ಬೇಸಿಗೆಯ ಹಳ್ಳದಂತೆ ಒಣಗಿ, ಕಣ್ಣಿಗೆ ನಿದ್ದೆ ಹತ್ತತೊಡಗಿತ್ತು.

ಜೀಪು ಬಂತು. ಸಾಹೇಬರು ನೇರವಾಗಿ ಅವರ ತರಗತಿಗೇ ಬಂದು ಹಿಂದಿನ ಬೆಂಚಿನಲ್ಲಿ ಕೂತರು. ಅವತ್ತಿನ ಪಾಠ ಶ್ವಾಸಾಂಗ. ಮಾಸ್ತರರು ಹಲಗೆಯ ಮೇಲೆ ದೊಡ್ಡ ಮೂಗು ಬರೆದರು.

"ಇನ್‌ಫ್ಲುಯೆಂಜಾದ ವೈರಸ್ಸು ಗಾಳಿಯೊಳಗ ಬರ್ತದ. ಬಾಗಲದಾಗ ಕೂದಲು, ಇವು ಪಹರೆ ಸಿಪಾಯಿಗಳು, ದೊಡ್ಡ ಕಸ ತಡೀತಾವ." ಅವರ ಸಿಪಾಯಿಗಳು ಕ್ಷೌರದಂಗಡಿಯ ನೆಲದ ಮೇಲಿದ್ದರು. "ತಪ್ಪಿಸಿಕೊಂಡು ಒಳಗ ಬಂದದ್ದು ಲೋಳೆಗಿ ಅಂಟ್ತದ." ಅವರ ಲೋಳೆ ಗುಳಿಗೆಯ ಪಾಲಾಗಿತ್ತು. "ಕಣ್ಣಿಗಿ ಕಾಣದಂಥ ಸಣ್ಣ ರೋಮ ಅದಾವ, ರಾಶಿ ಕಣ ಗುಡಿಸೋ ಹೆಣ್ಮಕ್ಕಳಂಗ ಲೋಳೇನ ಗಂಟಲಕಡಿಗಿ ದೂಡ್ತಾವ. ಉಳಿದದ್ದನ್ನ ಸೀನು, ಕೆಮ್ಮು ಹೊರಗ ಒಗೀತಾವ. ಅದಕ್ಕ ಸೀನು ಬಂದ್ರ ತಡೀಬ್ಯಾಡ್ರಿ, ವಸ್ತ್ರ ಅಡ್ಡ ಹಿಡಿದು ಸೀನ್ರಿ."

ಬಾಗಿಲಲ್ಲಿ ನಿಂತ ಜಗದೇವಪ್ಪನವರು ಆಕಾಶ ನೋಡಿದರು. ಸಾಹೇಬರು ಮಾತ್ರ ಹಿಗ್ಗಿದರು.

"ಭಾಳ ಛಲೋ ಹೇಳಿದ್ರಿ. ತರ್ರಿ ನಿಮ್ಮ ಅರ್ಜಿ."

ಹೆಡ್ ಮಾಸ್ತರರ ಕೋಣೆಯಲ್ಲಿ ಅರ್ಜಿ ಮೇಜಿನ ಮೇಲೆ ಬಿಚ್ಚಿಕೊಂಡಿತು. ಸಾಹೇಬರು ಪೆನ್ನಿನ ಟೋಪಿ ತೆಗೆದರು. ದೊಡ್ಡಪ್ಪ ಉಸಿರು ಹಿಡಿದ. ಮಾಸ್ತರರು ಮೇಜಿನ ಮೇಲೆ ಬಾಗಿ ಸಹಿ ಬೀಳುವ ಜಾಗಕ್ಕೆ ಬೆರಳಿಟ್ಟು ತೋರಿಸಿದರು. ಮೂಗು ಮಿಸುಕಲಿಲ್ಲ. ಮಟಕಿಯ ಮನೆ ಕಣ್ಣ ಮುಂದೆ ಬಂತು.

ಆಗ ಸಾಹೇಬರ ಮುಖ ಸೊಟ್ಟಗಾಯಿತು, ಬಾಯಿ ತೆರೆಯಿತು. ಬಾಗಿ ನಿಂತ ಮಾಸ್ತರರ ಮುಖದ ಮೇಲೆಯೇ ಸಾಹೇಬರು ಸೀನಿದರು.

ಒಂದೇ ಸೀನು.

ಸಾಹೇಬರು ಕಿಟಕಿಯ ಬೆಳಕಿಗೆ ಮುಖ ಎತ್ತಿ ಎರಡನೆಯದಕ್ಕೆ ಕಾದರು. ಬರಲಿಲ್ಲ.

"ಎರಡು ದಿನದಿಂದ ಮೈ ಸರಿ ಇಲ್ಲ ನೋಡ್ರಿ," ಎಂದರು ನೊಂದು. "ಒಂಟಿ ಆಯ್ತಲ್ಲ. ಯಾರರ ಇನ್ನೊಂದು ಸೀನ್ರಪಾ. ಯಾರದಾದ್ರೂ ನಡೀತದ, ಜೋಡಿ ಆದ್ರ ಸಾಕು, ಮಾಡಿಬಿಡ್ತೇನಿ ಸಹಿ."

ಎಲ್ಲರೂ ಅಂಬಾರಾಯ ಮಾಸ್ತರರ ಕಡೆ ತಿರುಗಿದರು.

ಸೀನು ಬರಿಸಲು ಮಾಸ್ತರರು ಕಿಟಕಿಯಿಂದ ಸೂರ್ಯನನ್ನು ನೋಡಿದರು. ಸೀಮೆಸುಣ್ಣದ ಪುಡಿ ಮೂಸಿದರು. ದೊಡ್ಡಪ್ಪ ಕಾಗದದ ಬತ್ತಿ ಹೊಸೆದು ಮೂಗಿನೊಳಗೆ ಆಡಿಸಿದ. ಕಚಗುಳಿಯಾಗಲು ಅಲ್ಲಿ ಕೂದಲೇ ಇರಲಿಲ್ಲ, ಬಂದದ್ದು ಒಂದು ಆಕಳಿಕೆ. ಜಗದೇವಪ್ಪನವರು ತಡೆಯಲಾರದೆ ತಾವೇ "ಆಕ್ಷೀ" ಎಂದರು.

"ಅದು ಸೀನಲ್ರೀ ಹೆಡ್ ಮಾಸ್ತರ, ಮಾತು," ಎಂದು ಸಾಹೇಬರು ಪೆನ್ನಿಗೆ ಟೋಪಿ ಹಾಕಿದರು. "ಮುಂದಿನ ವರ್ಷ ನೋಡೋಣ."

ಜೀಪಿನ ಧೂಳೆಲ್ಲ ಮಾಸ್ತರರ ಮೂಗಿಗೆ ಬಂತು. ಆಗಲೂ ಸೀನು ಬರಲಿಲ್ಲ.

ಎರಡು ದಿನದ ಮೇಲೆ ಬಂದದ್ದು ಜ್ವರ. ಸಿಪಾಯಿ ಇಲ್ಲದ, ಅಂಟಿಲ್ಲದ, ಸೀನಿಲ್ಲದ ಬಾಗಿಲಿನಿಂದ ಸಾಹೇಬರ ವೈರಸ್ಸು ಬೀಗರ ಮನೆಗೆ ಬಂದಂತೆ ಬಂದಿತ್ತು. ನನ್ನ ಪಾಠಕ್ಕೆ ನಾನೇ ಮಾದರಿಯಾದೆ ಎಂದುಕೊಂಡು ಮಾಸ್ತರರು ರಜೆ ಹಾಕಿ, ಶಾಲು ಹೊದ್ದು ಮಟಕಿಗೆ ಬಂದರು.

"ಜ್ವರ ಕೂಸಿಗಿ ಹತ್ತತದ, ಕಟ್ಟಿ ಮ್ಯಾಲೇ ಕುಂದರ್ರಿ," ಎಂದು ಕಸ್ತೂರಿಬಾಯಿ ಹೊರಗೇ ಹಾಸಿಗೆ ಹಾಕಿದಳು.

ಮಗಳು ಹೊಸ್ತಿಲ ಆಚೆಯಿಂದ ಇಣುಕಿದಳು. ಮುದ್ದು ಮಾಡಲು ಕೈ ಚಾಚುವಂತಿರಲಿಲ್ಲ. ಅಷ್ಟರಲ್ಲಿ ಮೂಗು ಎಚ್ಚೆತ್ತಿತು. ಮಾಸ್ತರರು ಶಾಲು ಅಡ್ಡ ಹಿಡಿದು ಸೀನಿದರು. ಉಸಿರು ತೆಗೆದುಕೊಳ್ಳುವುದರೊಳಗೆ ಇನ್ನೊಂದು. ಜನ್ಮದಲ್ಲಿ ಮೊದಲ ಸಲ ಜೋಡಿ.

"ಜೋಡಿ ಬಂತಲ್ರೀ, ಶುಭ ಆಯ್ತು!" ಎಂದಳು ಕಸ್ತೂರಿಬಾಯಿ ಒಳಗಿನಿಂದ.

ಮಗಳು ಚಪ್ಪಾಳೆ ತಟ್ಟಿ ಕೂಗಿದಳು:

"ಅವ್ವಾ, ಮಾಮಾ ಮತ್ತ ಸೀನ್ದಾ!"