ಐವತ್ತು ಬೆಟ್ಟ ಹತ್ತುವೆನೆಂದವರು

ಮುದ್ರಣಾಲಯದ ಲಿಫ್ಟ್ ಅಂದು ಕೆಟ್ಟಿತ್ತು. ಕರಡು ತಿದ್ದುವ ಮಹಾಶಯರು ಮೂರನೇ ಮಹಡಿ ಮುಟ್ಟುವಷ್ಟರಲ್ಲಿ ಕುಲುಮೆಯ ತಿದಿಯಂತೆ ಬುಸುಗುಟ್ಟುತ್ತಿದ್ದರು.

"ಏನ್ ಸಾರ್, ಮೆಟ್ಟಿಲಿಗೇ ಹೀಗಾ?" ಎಂದು ಬೈಂಡರ್ ಕಿಸಕ್ಕನೆ ನಕ್ಕ.

ಮಹಾಶಯರಿಗೆ ಸಿಟ್ಟು ನೆತ್ತಿಗೇರಿತು. "ಮೆಟ್ಟಿಲೇನ್ರೀ? ಐದು ವರ್ಷದಲ್ಲಿ ಐವತ್ತು ಬೆಟ್ಟ ಹತ್ತಿ ತೋರಿಸ್ತೀನಿ!"

ಇಪ್ಪತ್ತು ವರ್ಷ ಊರವರ ತಪ್ಪನ್ನೆಲ್ಲ ತಿದ್ದಿದವರು ತಮ್ಮ ಬಾಯಿಂದ ಬಿದ್ದ ಈ ಒಂದು ತಪ್ಪು ತಿದ್ದುವ ಮೊದಲೇ ಅದು ಅಚ್ಚಾಗಿಬಿಟ್ಟಿತು. ಊಟದ ಹೊತ್ತಿಗೆ ಬಾಗಿಲ ಮೇಲೆ ದಪ್ಪಕ್ಷರದ ಭಿತ್ತಿಪತ್ರ, ಕೆಳಗೆ ಐವತ್ತು ಖಾಲಿ ಚೌಕ. ಮಾಲೀಕರೇ ಇಳಿದು ಬಂದು ಬೆನ್ನು ತಟ್ಟಿದರು. ಬೈಂಡರ್ ಮಹಾಶಯರ ಮನೆಗೂ ಫೋನ್ ಮಾಡಿ ಸುದ್ದಿ ಮುಟ್ಟಿಸಿದ.

ಸಂಜೆ ಮನೆಗೆ ಬಂದರೆ ಆರಾಮಕುರ್ಚಿಯೇ ಇಲ್ಲ.

"ತಂಗಿಗೆ ಕೊಟ್ಬಿಟ್ಟೆ," ಎಂದಳು ಹೆಂಡತಿ. "ಬೆಟ್ಟ ಹತ್ತೋರಿಗೆ ಅದ್ಯಾಕೆ?"

"ನನ್ನನ್ನ ಒಂದು ಮಾತು ಕೇಳ್ಬಾರದಾ?"

"ನೀವು ಕೇಳಿದ್ರಾ, ಬೆಟ್ಟದ ವಿಷಯ?"

ಅಷ್ಟರಲ್ಲಿ ಹೆಂಡತಿಯಿಂದ ಸುದ್ದಿ ತಿಳಿದ ಪಕ್ಕದ ಮನೆಯ ನಿವೃತ್ತ ಡ್ರಿಲ್ ಮಾಸ್ತರು ಇಟ್ಟಿಗೆ ತುಂಬಿದ ಚೀಲದೊಂದಿಗೆ ಹಾಜರಾದರು. "ಭಾರ ಹೊತ್ತು ಅಭ್ಯಾಸ ಆಗ್ಬೇಕು. ಹೊರ್ರಿ! ಮಹಡಿಗೆ ಹತ್ತು ಸಲ!"

ನಾಲ್ಕನೇ ಸಲಕ್ಕೆ ಮಹಾಶಯರ ಮಂಡಿ ಹಳೇ ಬೀರುವಿನ ಬಾಗಿಲಿನಂತೆ ಕಿರ್ರೆಂದಿತು. ನೋವಿನಲ್ಲೂ ಅವರ ಮುಖ ಅರಳಿತು. ಚೀಲ ಅಲ್ಲೇ ಕುಕ್ಕಿ, ಕುಂಟುತ್ತ ಬೀದಿ ಕೊನೆಯ ಡಾಕ್ಟರರ ಬಳಿಗೆ ಹೊರಟರು. ಹೆಂಡತಿಯೂ ಹಿಂಬಾಲಿಸಿದಳು.

"ಡಾಕ್ಟ್ರೇ, ಮಂಡಿ ಕೈಕೊಟ್ಟಿದೆ. ಬೆಟ್ಟಗಿಟ್ಟ ಹತ್ತಕೂಡದು ಅಂತ ಒಂದು ಚೀಟಿ ಬರ್ಕೊಡಿ. ಇವಳಿಗೊಂದು, ಆಫೀಸಿಗೊಂದು."

ಡಾಕ್ಟರು ಮಂಡಿ ಒತ್ತಿದರು, ಮಡಿಸಿದರು, ತಟ್ಟಿದರು. "ಯಾವ ಬೆಟ್ಟ?"

ಮಹಾಶಯರು ಹಲ್ಲು ಕಚ್ಚಿಕೊಂಡು ಎಲ್ಲ ಹೇಳಿದರು. ಡಾಕ್ಟರು ಚೀಟಿ ಬರೆದು ಹೆಂಡತಿಯ ಕೈಗಿತ್ತರು. ಮಹಾಶಯರು ನೆಮ್ಮದಿಯ ನಿಟ್ಟುಸಿರುಬಿಟ್ಟರು.

ಹೆಂಡತಿ ಗಟ್ಟಿಯಾಗಿ ಓದಿದಳು: "ಮಂಡಿಗೆ ರೋಗವಿಲ್ಲ. ಕೂತೂ ಕೂತೂ ಜಡ್ಡುಗಟ್ಟಿದೆ. ಪ್ರತಿ ಭಾನುವಾರ ಒಂದು ಬೆಟ್ಟ, ತಪ್ಪದೆ."

"ಡಾಕ್ಟ್ರೇ!"

ಡಾಕ್ಟರು ಆಗಲೇ ಮೇಜಿನಡಿ ಬಗ್ಗಿ, ಕೆಸರು ಮೆತ್ತಿದ ಬೂಟುಗಳನ್ನು ಎಳೆಯುತ್ತಿದ್ದರು. "ಹತ್ತು ವರ್ಷದಿಂದ ಒಬ್ಬ ಜೊತೆಗಾರನಿಗಾಗಿ ಹುಡುಕ್ತಿದ್ದೆ ಕಣ್ರೀ! ಐದು ವರ್ಷ ಯಾಕೆ ಎಳೆಯೋದು? ವಾರಕ್ಕೊಂದರಂತೆ ಒಂದೇ ವರ್ಷದಲ್ಲಿ ಐವತ್ತೂ ಮುಗಿಸೋಣ. ಭಾನುವಾರ ಬೆಳಗ್ಗೆ ಐದಕ್ಕೆ ಬಂದು ನಾನೇ ಎಬ್ಬಿಸ್ತೀನಿ."