ಫ್ಲೆಚರ್ ಮನೆತನದ ಶೋಧ

“ಮನೆತನ ವಿಚಾರಿಸದ ಹೆಣ್ಣು ಕೊಟ್ಟಾವ್ರು ನಮ್ಮ ವಂಶದಾಗ ಒಬ್ರೂ ಇಲ್ಲ. ನಾನೂ ಕೊಡಂಗಿಲ್ಲ!”

ಹೀಗೆ ಘೋಷಿಸಿ ಪಂಚಾಕ್ಷರಿಯವರು ಸೋಫಾದಿಂದ ಎದ್ದು ನಿಂತರು. ಎದ್ದು ನಿಲ್ಲುವ ಅಗತ್ಯವೇನೂ ಇರಲಿಲ್ಲ. ಕೇಳುತ್ತಿದ್ದವರು ಹೆಂಡತಿ ಗಿರಿಜಾದೇವಿ ಒಬ್ಬರೇ, ಅವರೂ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದರು.

ಮಗಳು ಭೂಮಿಕಾ ಮೆಚ್ಚಿದ ಹುಡುಗ ಈಥನ್ ಫ್ಲೆಚರ್. ಒಳ್ಳೆಯ ಕೆಲಸ, ಒಳ್ಳೆಯ ನಗು, ಜೋಳದ ರೊಟ್ಟಿಯನ್ನು ಕೈಯಲ್ಲೇ ಮುರಿದು ತಿನ್ನುತ್ತಿದ್ದ. ಅಪ್ಪ ಒಮ್ಮೆ ‘ಹೂಂ’ ಅಂದರೆ ಮದುವೆ. ಅಪ್ಪನ ಹೂಂ ಮಾತ್ರ ಮನೆತನದ ಹತ್ತಿರ ಬಂದು ಸಿಕ್ಕಿಕೊಂಡಿತ್ತು. ಧಾರವಾಡದ ಕಡೆ ಆಗಿದ್ದರೆ ಎರಡು ಫೋನಿನಲ್ಲಿ ಹುಡುಗನ ಮುತ್ತಜ್ಜನ ಮುಂಗೋಪದವರೆಗೂ ತಿಳಿಯುತ್ತಿತ್ತು. ಇಲ್ಲಿ ಅಮೆರಿಕದ ಮನ್ರೋದಲ್ಲಿ ಯಾರನ್ನು ಕೇಳುವುದು? ಪಕ್ಕದ ಮನೆಯಾತನಿಗೆ ತನ್ನ ಅಜ್ಜನ ಹೆಸರೇ ನೆನಪಿರಲಿಲ್ಲ!

ಶನಿವಾರವಿಡೀ ಇಂಟರ್ನೆಟ್ ಜಾಲಾಡಿ, ಸಂಜೆ ಅವರು ಮೆಟ್ಟಿಲಿಳಿದು ಓಡಿ ಬಂದರು.

“ಗಿರಿಜಾ! ಫ್ಲೆಚರ್ ಅಂದ್ರ ಬಾಣ ಮಾಡಾವ್ರು! ಫ್ರಾನ್ಸಿನಿಂದ ಇಂಗ್ಲೆಂಡಿಗೆ ಬಂದ ಹೆಸರು. ಇವರಿಲ್ಲಂದ್ರ ರಾಜರ ಯುದ್ಧನ ನಡೀತಿರಲಿಲ್ಲ. ಹುಡುಗ ವೀರವಂಶದಾಂವ!”

“ಬಾಣ ಬಿಟ್ಟಾವ್ರಲ್ರೀ, ಮಾಡಿದಾವ್ರು. ನಮ್ಮೂರ ಬಡಿಗ್ಯಾರು ಬಂಡಿ ಮಾಡ್ತಿದ್ರಲ್ಲ, ಹಂಗ.”

“ನಿನಗ ಇತಿಹಾಸ ತಿಳಿಯೂದಿಲ್ಲ, ಸುಮ್ನಿರು!”

ಈಸ್ಟ್ ಬ್ರನ್ಸ್‌ವಿಕ್‌ನ ಗೆಳೆಯ ಶಿವಶಂಕರಪ್ಪನವರಿಗೆ ಫೋನಿನಲ್ಲಿ ಹೇಳುವಷ್ಟರಲ್ಲಿ ಬಾಣ ಮಾಡುವವರು ದಂಡನಾಯಕರಾಗಿದ್ದರು. ಮರುದಿನ ಆನ್‌ಲೈನ್ ಅಂಗಡಿಯೊಂದರಲ್ಲಿ ‘ಫ್ಲೆಚರ್ ವಂಶಲಾಂಛನ’ ಎಂಬ ಮರದ ಫಲಕ ಸಿಕ್ಕಿತು. ಎರಡು ಬಾಣ, ಒಂದು ಸಿಂಹ. ಸಿಂಹಕ್ಕೆ ಯಾಕೋ ಹೊಟ್ಟೆನೋವು ಬಂದಂತಿತ್ತು. ಆದರೂ ಪಂಚಾಕ್ಷರಿಯವರಿಗೆ ಅದರ ಮೇಲೆ ಅಭಿಮಾನ ಉಕ್ಕಿತು. ಬರುವ ಭಾನುವಾರ ಈಥನ್‌ನ ತಂದೆ-ತಾಯಿ ಊಟಕ್ಕೆ ಬರುವವರಿದ್ದರು. ಕನ್ನಡಿಗರ ಮನೆಗೆ ವೀರವಂಶ ಬಂದರೆ ಬರಿಗೈಯಲ್ಲಿ ಕಳಿಸುವುದುಂಟೇ? ಸನ್ಮಾನ ಆಗಲೇಬೇಕು!

“ಅಪ್ಪಾ, ಪ್ಲೀಸ್ ಡೋಂಟ್ ಡು ದಿಸ್!” ಎಂದಳು ಭೂಮಿಕಾ.

ಮಾಡಿಯೇ ಬಿಟ್ಟರು. ಈಥನ್‌ನ ತಂದೆ ಡಗ್‌ರನ್ನು ಕುರ್ಚಿಯಲ್ಲಿ ಕೂರಿಸಿ, ಮೈಸೂರು ಪೇಟ ಇಟ್ಟು, ಶಾಲು ಹೊದಿಸಿ, ಹಣ್ಣಿನ ಬುಟ್ಟಿಯ ಮೇಲೆ ಫಲಕವನ್ನೂ ಹೇರಿದರು. ಆಮೇಲೆ ಇಂಗ್ಲಿಷಿನಲ್ಲಿ ಭಾಷಣ. ರಾಜರು, ರಣರಂಗ, ಬಾಣಗಳ ಮಳೆ! ಈಥನ್‌ನ ತಾಯಿ ಪಕೋಡವನ್ನು ಕೈಯಲ್ಲೇ ಹಿಡಿದು ಕೂತಿದ್ದರು, ತಿನ್ನಬಹುದೋ ಇಲ್ಲವೋ ತಿಳಿಯದೆ.

ಡಗ್ ಪೇಟ ಸರಿಪಡಿಸಿಕೊಂಡು ಕೆಮ್ಮಿದರು. ತುಂಬಾ ಸಂಕೋಚದಿಂದ ಹೇಳಿದ್ದರ ಸಾರಾಂಶ ಇಷ್ಟು: ಅವರ ಅಜ್ಜ ಪೋಲೆಂಡಿನಿಂದ ಬಂದವರು. ಹ್ಯಾರಿಸನ್ ಊರಿನ ಬಾಡಿಗೆ ಮನೆಯ ಅಂಚೆಪೆಟ್ಟಿಗೆಯ ಮೇಲೆ ಹಿಂದಿನ ಬಾಡಿಗೆದಾರ ಫ್ಲೆಚರ್‌ನ ಹೆಸರಿತ್ತು. ಎಷ್ಟು ಕೆರೆದರೂ ಅದು ಹೋಗಲಿಲ್ಲ. ಫ್ಯಾಕ್ಟರಿಯಲ್ಲಿ ಅಜ್ಜನ ನಿಜವಾದ ಹೆಸರು ಯಾರ ನಾಲಗೆಗೂ ಹೊರಳಲಿಲ್ಲ. ಅಜ್ಜ ಪೆಟ್ಟಿಗೆಯ ಹೆಸರನ್ನೇ ಇಟ್ಟುಕೊಂಡರು!

“ಹಾಗಾದರೆ... ನಿಜವಾದ ಹೆಸರು?” ಪಂಚಾಕ್ಷರಿಯವರು ಫಲಕದ ಸಿಂಹವನ್ನೇ ನೋಡುತ್ತ ಕೇಳಿದರು.

“ತ್ಸೆಬುಲಾ. ಪೋಲಿಷ್ ಭಾಷೆಯಲ್ಲಿ ಈರುಳ್ಳಿ ಅಂತ.”

ಗಿರಿಜಾದೇವಿ ಬಾಯಿಗೆ ಸೆರಗು ಒತ್ತಿಕೊಂಡರೂ ನಗು ಹೊರಗೆ ಸಿಡಿಯಿತು. “ಅಯ್ಯ ಶಿವನ! ನಮ್ಮ ಅಡ್ಡಹೆಸರೂ ಉಳ್ಳಾಗಡ್ಡಿ! ಕಾಲೇಜಿನಾಗ ಹುಡುಗ್ರು ಕಾಡಿದ್ರಂತ ಇವರು ಅದನ್ನ ಬಿಟ್ಟು, ಅಪ್ಪನ ಹೆಸರು ಬಸಪ್ಪ ಅಂತ ಹಚ್ಚಿಕೊಂಡಾರ!”

“ವಾಟ್! ವಿ ಆರ್ ಆನಿಯನ್ಸ್ ಟೂ?” ಎಂದು ಭೂಮಿಕಾ ಕಿರುಚಿದಳು.

ಡಗ್ ಎದ್ದು ಬಂದು, ಪೇಟ ಶಾಲು ಸಮೇತ ಪಂಚಾಕ್ಷರಿಯವರನ್ನು ತಬ್ಬಿಕೊಂಡರು. ಮರ್ಯಾದೆಯಂತೂ ಹೋಗಿಯಾಗಿತ್ತು. ಆ ಅಪ್ಪುಗೆಯಲ್ಲೇ ಪಂಚಾಕ್ಷರಿಯವರಿಗೆ ಇನ್ನೊಂದು ಚಿಂತೆ ಹೊಳೆಯಿತು. ಡಗ್‌ರ ಭುಜದ ಮೇಲಿಂದ ಹೆಂಡತಿಗೆ ಪಿಸುಗುಟ್ಟಿದರು.

“ಗಿರಿಜಾ, ಎರಡೂ ಕಡೆ ಒಂದ ಅಡ್ಡಹೆಸರು! ಹುಡುಗ-ಹುಡುಗಿ ಅಣ್ಣ-ತಂಗಿ ಆಗ್ತಾರಲ್ಲ! ಇನ್ನ ಹೆಂಗ ಹೂಂ ಅನ್ನೂದು?”

“ಅವರು ಪೋಲೆಂಡಿನಾವ್ರು, ನಾವು ನರಗುಂದದಾವ್ರು. ಹೂಂ ಅನ್ನೂದು ನಾ ಅಂದಾತು. ನೀವು ಒಳಗ ಹೋಗಿ ಬೀಗರ ಭಜಿಗೆ ನಾಕು ಮನೆತನ ಹೆಚ್ಚಿ ಕೊಡ್ರಿ!”