ಹೆಣ್ಣೊಪ್ಪಿಸುವ ಹೊತ್ತಿಗೆ ಬರುವ ಅತ್ತಿಗೆ

ನಮ್ಮತ್ತಿಗೆ ಮದುವೆಗೆ ಹೋಗುವುದು ಊಟಕ್ಕಲ್ಲ. ಸೀರೆ ತೋರಿಸುವುದಕ್ಕೂ ಅಲ್ಲ, ಅಕ್ಷತೆ ಹಾಕುವುದಕ್ಕಂತೂ ಅಲ್ಲವೇ ಅಲ್ಲ. ಮುಹೂರ್ತ ಮುಗಿದು, ಪಾಯಸದ ಪಾತ್ರೆ ತಳ ಕಂಡು, ವಾಲಗದವರು ಡೋಲು ಗಂಟು ಕಟ್ಟುವ ಹೊತ್ತಿಗೆ ಸರಿಯಾಗಿ ಛತ್ರದ ಬಾಗಿಲಲ್ಲಿ ಪ್ರತ್ಯಕ್ಷರಾಗುತ್ತಾರೆ! ಇಂಥವರ ಮೇಲೆ ಅನುಮಾನ ಬರದಿದ್ದರೆ ನಾನೆಂಥ ನಾದಿನಿ?

ಅನುಮಾನದ ವಿಷಯದಲ್ಲಿ ಅವರೇನೂ ನನಗಿಂತ ಕಡಿಮೆಯಿಲ್ಲ ಬಿಡಿ. ಫೋನು ಮಾಡಿ ಹೇಗಿದ್ದೀರಿ ಎಂದು ಕೇಳಿದರೆ ಸಾಕು, "ಯಾಕೆ, ಯಾರೇನಂದ್ರು?" ಎನ್ನುತ್ತಾರೆ. ಯಶವಂತಪುರದ ಒಂದು ವಿಮಾ ಕಚೇರಿಯಲ್ಲಿ ಅವರಿಗೆ ಕೆಲಸ. ಸಾವಿನ ಕ್ಲೇಮುಗಳೆಲ್ಲ ಅವರ ಮೇಜಿಗೇ ಬರುತ್ತವೆ. ದಿನವಿಡೀ ಎದುರಿನ ಕುರ್ಚಿಯಲ್ಲಿ ಯಾರಾದರೊಬ್ಬರು ಅಳುತ್ತಿರುತ್ತಾರೆ. ಅತ್ತಿಗೆ ನೀರಿನ ಲೋಟ ಮುಂದಕ್ಕೆ ತಳ್ಳಿ, ನಿಧಾನಕ್ಕೆ ಹೇಳಿ ಅನ್ನುತ್ತಾರಂತೆ. ಸ್ವಂತ ತಾಯಿ ತೀರಿಕೊಂಡಾಗಲೂ ಒಂದು ಹನಿ ಕಣ್ಣೀರು ಹಾಕದೆ, ಬಂದವರಿಗೆಲ್ಲ ಕಾಫಿ ಸಿಕ್ಕಿತೇ ಎಂದು ವಿಚಾರಿಸುತ್ತಾ ಓಡಾಡಿದ ಹೆಂಗಸು! ಕಲ್ಲೆದೆ ಎಂದು ಅವತ್ತೇ ನಮ್ಮ ಬಂಧುಬಳಗದಲ್ಲಿ ತೀರ್ಪಾಗಿಹೋಯಿತು.

ಒಮ್ಮೆ ಅವರ ಆಫೀಸಿನಲ್ಲಿ ದುಡಿಯುವ ಹೆಣ್ಣುಮಕ್ಕಳ ಮನಸ್ಸಿನ ಆರೋಗ್ಯಕ್ಕೆಂದು ಒಂದು ಶಿಬಿರ ಇಟ್ಟಿದ್ದರು. ನಡೆಸಲು ಬಂದಿದ್ದ ಮೇಡಂ ನಗುನಗುತ್ತಾ, ನಿಮಗೆ ಈಗ ಏನನ್ನಿಸುತ್ತಿದೆ, ಮುಚ್ಚುಮರೆಯಿಲ್ಲದೆ ಹೇಳಿ ಎಂದರಂತೆ. ಅತ್ತಿಗೆ ಎದ್ದು ನಿಂತು, "ಇದನ್ನ ಯಾವ ಫೈಲಿಗೆ ಹಾಕ್ತೀರಾ?" ಎಂದು ಕೇಳಿದರು. ಆಮೇಲೆ ಎಲ್ಲರೂ ಕಣ್ಣು ಮುಚ್ಚಿ ಉಸಿರಾಟ ಗಮನಿಸಬೇಕಾಗಿತ್ತು. ಅತ್ತಿಗೆ ಒಂದೇ ಕಣ್ಣು ಮುಚ್ಚಿದರು. ಇನ್ನೊಂದು ಕಣ್ಣು ಬ್ಯಾಗಿನ ಮೇಲಿತ್ತು. ಇದನ್ನು ಅವರೇ ನನಗೆ ಹೆಮ್ಮೆಯಿಂದ ಹೇಳಿಕೊಂಡಿದ್ದು!

ಅಂಥವರು ಅರ್ಧ ದಿನ ರಜೆ ಹಾಕಿ ಕಂಡವರ ಮದುವೆಗೆ ಹೋಗುತ್ತಾರೆಂದರೆ ಏನರ್ಥ? ಗುಟ್ಟಾಗಿ ಮಗನಿಗೆ ಹೆಣ್ಣು ನೋಡುತ್ತಿದ್ದಾರೆ ಎಂದು ನನ್ನ ಲೆಕ್ಕ. ನನ್ನನ್ನು ಬಿಟ್ಟು! ಪತ್ತೆ ಮಾಡಿಯೇ ಬಿಡೋಣವೆಂದು ಒಂದು ಭಾನುವಾರ ಯಲಹಂಕದ ಛತ್ರಕ್ಕೆ ಅವರ ಹಿಂದೆಯೇ ಹೋಗಿ ಬೀಡಾ ಅಂಗಡಿಯ ಮರೆಯಲ್ಲಿ ನಿಂತೆ.

ಅವರು ಒಳಹೊಕ್ಕ ಮೇಲೆ ನಾನೂ ಮೆಲ್ಲಗೆ ಹೋಗಿ ಜನರ ಹಿಂದೆ ಸೇರಿಕೊಂಡೆ. ಒಳಗೆ ಹೆಣ್ಣೊಪ್ಪಿಸುವ ಶಾಸ್ತ್ರ ಶುರುವಾಗಿತ್ತು. ತಾಯಿ ಮಗಳ ಕೈಯನ್ನು ಬೀಗಿತ್ತಿಯ ಕೈಗಿಟ್ಟರೋ ಇಲ್ಲವೋ, ಅತ್ತಿಗೆ ಶುರು ಮಾಡಿದರು ನೋಡಿ! ಮೂಗೊರೆಸಿಕೊಳ್ಳುವ ಅಳುವಲ್ಲ, ಬಿಕ್ಕಿ ಬಿಕ್ಕಿ, ಕಂಬ ಹಿಡಿದುಕೊಂಡು ಅಳು. ಹೆಣ್ಣಿನ ತಾಯಿಯೇ ತಮ್ಮ ಅಳು ನಿಲ್ಲಿಸಿ ಇವರನ್ನು ನೋಡತೊಡಗಿದರು. ವಿಡಿಯೋದವನು ಮದುಮಗಳನ್ನು ಬಿಟ್ಟು ಕ್ಯಾಮೆರಾ ಇತ್ತ ತಿರುಗಿಸಿದ. ಗಂಡಿನ ಕಡೆಯ ಅಜ್ಜಿಯೊಬ್ಬರು ಹತ್ತಿರ ಬಂದು, "ಎಣ್ಣಿಗೆ ಏನಾಗ್ಬೇಕವ್ವಾ ನೀನು?" ಎಂದರು. "ಬೇಕಾದೋಳು" ಎಂದು ಅತ್ತಿಗೆ ಇನ್ನಷ್ಟು ಬಿಕ್ಕಿದರು. ಅಜ್ಜಿ ಅವರನ್ನು ತಬ್ಬಿಕೊಂಡು ತಾವೂ ಅತ್ತರು. ಸ್ವಲ್ಪ ಹೊತ್ತಿಗೆ ಅತ್ತಿಗೆ ಮುಖ ತೊಳೆದು, ತಾಂಬೂಲದ ಚೀಲ ಇಸಿದುಕೊಂಡು, ಹಗುರವಾಗಿ ಬಸ್‌ಸ್ಟಾಪಿನ ಕಡೆ ಹೊರಟರು.

ಅಲ್ಲಿ ಹಿಡಿದೆ. ಯಾರು ಆ ಹುಡುಗಿ ಎಂದು ಕೇಳಿದರೆ, ಹೆಸರು ಗೊತ್ತಿಲ್ಲವಂತೆ! ಕಾರ್ಡಿನಲ್ಲಿತ್ತು, ಮರೆತೆ ಎಂದರು. ಮತ್ತೆ ಅಳು ಯಾಕೆ? ಅತ್ತಿಗೆ ಅತ್ತಿತ್ತ ನೋಡಿ ದನಿ ತಗ್ಗಿಸಿದರು.

"ಮನೇಲಿ ಅತ್ರೆ ನಿಮ್ಮಣ್ಣ ಬಿಪಿ ಚೆಕ್ ಮಾಡಿಸು ಅಂತಾರೆ. ಆಫೀಸಲ್ಲಿ ಅತ್ರೆ, ಪಾಪ ಇವಳ ಕೈಲಾಗಲ್ಲ ಅಂತ ಸೆಕ್ಷನ್ ಚೇಂಜ್ ಮಾಡ್ತಾರೆ. ಎಲ್ಲಿ ಅತ್ರೂ ಕಾರಣ ಕೊಡ್ಬೇಕು ಕಣೇ. ನಂಗೆ ಕಾರಣ ಗೊತ್ತಿದ್ರೆ ತಾನೇ? ಹೆಣ್ಣೊಪ್ಪಿಸೋವಾಗ ಯಾರೂ ಕೇಳಲ್ಲ."

ನಾನು ನಗುತ್ತಾ ಮನೆಗೆ ಬಂದೆ. ಸಿಕ್ಕಸಿಕ್ಕವರಿಗೆ ಹೇಳಿಕೊಂಡು ನಕ್ಕೆ. ಅಷ್ಟರಲ್ಲಿ ಆಷಾಢ ಬಂತು. ಮದುವೆಗಳು ನಿಂತವು, ಛತ್ರಗಳಿಗೆ ಬೀಗ ಬಿತ್ತು. ಅತ್ತಿಗೆಯ ಫೋನಿನ ಮಾತು ಒಂದೊಂದೇ ಪದಕ್ಕಿಳಿಯಿತು. ಅದೂ ನನಗೆ ಅನುಮಾನವೇ! ನಾನು ಊರಿಗೆಲ್ಲ ಹೇಳಿದ್ದು ಗೊತ್ತಾಗಿ ಮುನಿಸಿಕೊಂಡಿದ್ದಾರೇನೋ ಎಂದುಕೊಂಡೆ.

ಒಂದು ಮಧ್ಯಾಹ್ನ ಅಣ್ಣ ಫೋನು ಮಾಡಿದ. ಗಂಡನ ಕ್ಲೇಮಿಗೆಂದು ಕಂಕುಳಲ್ಲಿ ಮಗು ಹಿಡಿದುಕೊಂಡು ಬಂದ ಹುಡುಗಿಯೊಬ್ಬಳ ಮುಂದೆ ಅತ್ತಿಗೆ ನೀರಿನ ಲೋಟ ಹಿಡಿದು ಹಾಗೇ ಕೂತುಬಿಟ್ಟರಂತೆ. ಲೋಟ ಕೆಳಗಿಡಲೇ ಇಲ್ಲವಂತೆ. ಸಹೋದ್ಯೋಗಿಗಳು ಮನೆಗೆ ತಂದು ಬಿಟ್ಟು ಎರಡು ದಿನವಾಗಿದೆ, ಗೋಡೆ ಕಡೆ ತಿರುಗಿ ಮಲಗಿದ್ದಾರೆ, ಅನ್ನ ಮುಟ್ಟಿಲ್ಲ. ಏನಾಯಿತು ಎಂದರೆ ಏನಿಲ್ಲ ಎನ್ನುತ್ತಾರೆ. ಡಾಕ್ಟರ ಹತ್ತಿರ ಬಾ ಎಂದರೆ ಬರುವುದಿಲ್ಲ. "ನಂಗೆ ಭಯ ಆಗ್ತಿದೆ" ಎಂದ ಅಣ್ಣ. ಅವನ ಬಾಯಲ್ಲಿ ಆ ಮಾತು ನಾನು ಕೇಳಿರಲೇ ಇಲ್ಲ.

ಆಟೋ ಹಿಡಿದು ಪುಟ್ಟೇನಹಳ್ಳಿಗೆ ಹೋದೆ. ಆಟೋದವರಿಗೆ ಬಾಗಿಲಲ್ಲೇ ನಿಲ್ಲಿ ಎಂದೆ. ಡಾಕ್ಟರನ್ನು ನಾಳೆ ನೋಡೋಣ, ಮೊದಲು ಇವರು ಈಚೆ ತಿರುಗಲಿ ಅನ್ನಿಸಿತ್ತು. ಹಾಸಿಗೆಯ ತುದಿಯಲ್ಲಿ ಕೂತೆ.

"ನಿಮ್ಮಣ್ಣ ಪತ್ತೆ ಮಾಡೋಕ್ ಕಳಿಸಿದ್ರಾ?" ಎಂದರು, ಗೋಡೆಗೆ ಹೇಳುವಂತೆ.

"ಇಲ್ಲ. ಆಷಾಢ ಅಲ್ವಾ ಅತ್ತಿಗೆ, ತವರಿಗೆ ಕರ್ಕೊಂಡ್ ಹೋಗೋಕ್ ಬಂದೆ."

ಆಮೇಲೆ ನಿಧಾನಕ್ಕೆ ನನ್ನ ಕಡೆ ತಿರುಗಿದರು. ಕಣ್ಣ ತುಂಬ ಅದೇ ಹಳೆಯ ಅನುಮಾನ.

"ನಂಗೆಲ್ಲಿದೆಯೇ ತವರು?"

"ವಿದ್ಯಾರಣ್ಯಪುರದಲ್ಲಿ. ನಮ್ಮನೇಲಿ."

ಎದ್ದರು. ಚಪ್ಪಲಿ ಹಾಕಿಕೊಂಡರು. ಆಟೋ ಬೀದಿ ತಿರುಗುವ ಮೊದಲೇ ನನ್ನ ಹೆಗಲಿಗೆ ತಲೆಯಿಟ್ಟು ಅಳಲು ಶುರು ಮಾಡಿದರು. ಇದು ಛತ್ರದ ಅಳುವಲ್ಲ, ಸದ್ದೇ ಇರಲಿಲ್ಲ. ನನ್ನ ರವಿಕೆಯ ತೋಳು ನೆನೆಯಿತು. ಅವರ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಆಟೋದವರು ಕನ್ನಡಿಯಲ್ಲಿ ನೋಡಿ, ಏನಾಯ್ತು ಎಂದು ಕೇಳಲು ಬಾಯಿ ತೆರೆದರು.

"ಏನೂ ಕೇಳ್ಬೇಡಿ" ಎಂದೆ. "ನೀವು ಓಡಿಸ್ತಾ ಇರಿ."